ಮಕ್ಕಳ ವಿಷಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು



ದಾನವು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ವಿಧವೆಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರೇ. ಮೊದಲ ಮೂರನ್ನು ನಮ್ಮ ಸಮಾಜವು ಯಥಾಶಕ್ತಿ ನಡೆಸಿಕೊಂಡು ಬಂದಿದೆ. ನಾಲ್ಕನೆಯದಾದ ಅಭಯದಾನವೆಂದೊಡನೆ ಮಾತ್ರ ನಮ್ಮ ಕಣ್ಣಿಗೆ ಬಲಿಗಂಬದ ಕುರಿ, ಬೇಡನ ಬಲೆಯ ಹಕ್ಕಿ, ಶರಣು ಬಂದ ಶತ್ರು, ಇಂಥವೇ ಚಿತ್ರಗಳು ಕಟ್ಟುತ್ತವೆ. ಅವೆಲ್ಲ ಮನೆಯ ಹೊರಗಿನವು. ಮನೆಯ ಒಳಗೆ, ನಮ್ಮ ಕಾಲಸಪ್ಪಳ ಕೇಳಿದ ಕೂಡಲೆ ಓಡಿಬಂದು ಅಪ್ಪಿಕೊಳ್ಳಬೇಕೋ ಕಂಬದ ಹಿಂದೆ ಅಡಗಬೇಕೋ ಎಂದು ಪ್ರತಿ ಸಂಜೆಯೂ ನಿರ್ಧರಿಸಬೇಕಾದ ಒಂದು ಜೀವವಿದೆ. ಅದು ನಮ್ಮ ಮಗು. ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ ನಾವು, ನೀರನ್ನು ಸೋಸಿ ಕುಡಿಯುವ ನಾವು, ಆ ಜೀವಕ್ಕೆ ಅಭಯವನ್ನು ಕೊಟ್ಟಿದ್ದೇವೆಯೆ ಎಂಬುದೇ ಇಂದಿನ ವಿಚಾರ.

ಈ ವಿಚಾರವನ್ನು ಬೋಧಕನ ಸ್ಥಾನದಲ್ಲಿ ನಿಂತು ಹೇಳುವ ಅರ್ಹತೆ ನನಗಿಲ್ಲ. ತಪ್ಪು ಮಾಡಿದವನು ಆಲೋಚನೆ ಒಪ್ಪಿಸುವ ರೀತಿಯಲ್ಲಿ ಹೇಳುತ್ತಿದ್ದೇನೆಂದು ತಿಳಿಯಬೇಕಾಗಿ ಪ್ರಾರ್ಥನೆ.

ಐದು ಅತಿಚಾರಗಳು

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅತಿಚಾರವೆಂದರೆ ವ್ರತವು ಪೂರ್ತಿಯಾಗಿ ಮುರಿಯದೆ ಅದಕ್ಕೆ ಕಲೆ ತಗಲುವುದು. ನಮ್ಮ ಮಲೆಯೂರಿನ ಕನಕಗಿರಿಯೊಡನೆ ಪರಂಪರೆಯು ಯಾರ ಹೆಸರನ್ನು ಸೇರಿಸಿ ಸ್ಮರಿಸುತ್ತದೆಯೋ ಆ ಪೂಜ್ಯಪಾದ ಸ್ವಾಮಿಗಳು ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಈ ಒಂದೊಂದನ್ನೂ ಬಿಡಿಸಿ ಹೇಳಿದ್ದಾರೆ. ಜೀವವು ಹೋಗಬೇಕೆಂದ ಕಡೆಗೆ ಹೋಗಗೊಡದೆ ತಡೆಹಿಡಿಯುವುದು ಬಂಧ. ಇಲ್ಲಿಯ ವಧಕ್ಕೆ ಕೊಲ್ಲುವುದೆಂಬ ಅರ್ಥವಿಲ್ಲ. ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದೇ ವಧ. ಅಂಗವನ್ನು ಕತ್ತರಿಸುವುದು ಛೇದ. ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದು ಅತಿಭಾರಾರೋಪಣ. ಹಸಿವು ಬಾಯಾರಿಕೆಗಳಿಂದ ಬಾಧಿಸುವುದು ಅನ್ನಪಾನನಿರೋಧ.

ಸ್ವಾಧ್ಯಾಯದಲ್ಲಿ ಈ ಭಾಗ ಬಂದಾಗಲೆಲ್ಲ ನಾವು ಎತ್ತು, ಹಸು, ಗಾಡಿಗಳನ್ನು ನೆನೆದು ಮುಂದಕ್ಕೆ ಹೋಗುತ್ತೇವೆ. ಈಗ ಎತ್ತಿನ ಜಾಗದಲ್ಲಿ ಮಗುವನ್ನು ಇಟ್ಟು ನೋಡಿರಿ. ಅತ್ತರೆ ಕೋಣೆಯಲ್ಲಿ ಕೂಡಿ ಚಿಲಕ ಹಾಕುವುದು ಬಂಧವಲ್ಲವೆ? ಬಾಸುಂಡೆ ಬರುವಂತೆ ಬಾರಿಸುವುದು ವಧವಲ್ಲವೆ? ಅಂಗಚ್ಛೇದವನ್ನು ನಾವು ಮಾಡೆವು, ನಿಜ. ಆದರೆ ಬಂಧುಗಳ ಎದುರಿಗೆ ಮಗುವಿನ ಮಾನವನ್ನು ತುಂಡರಿಸುವ ಮಾತುಗಳನ್ನು ಆಡುತ್ತೇವೆ. ನಾವು ಹತ್ತಲಾರದ ಮೆಟ್ಟಿಲನ್ನು ಅದು ಹತ್ತಲೆಂದು ಹೊರಿಸುವ ಆಸೆಯ ಹೊರೆ ಅತಿಭಾರ. ಐದನೆಯದನ್ನು ಕುರಿತು ಮುಂದೆ ನಿವೇದಿಸುತ್ತೇನೆ. ಅದರಲ್ಲಿಯೇ ನಾನು ಸಿಕ್ಕಿಬಿದ್ದದ್ದು.

ಬೆತ್ತ ಎಂಬ ನಮ್ಮ ಮಾತು ಸಂಸ್ಕೃತದ ವೇತ್ರದಿಂದಲೇ ಬಂದದ್ದು. ಗುಂಡ್ಲುಪೇಟೆ ತಾಲ್ಲೂಕಿನ ಶಾಲೆಗಳಲ್ಲಿ 34 ವರ್ಷ ಉಪಾಧ್ಯಾಯನಾಗಿದ್ದ ನಾನು ಅದರಲ್ಲಿ ಬಹುಕಾಲ ಬೆತ್ತವನ್ನು ಹಿಡಿದವನು. ಬೆಳಗ್ಗೆ ಟೀಕೆಯಲ್ಲಿ ವೇತ್ರ ಎಂಬ ಪದವನ್ನು ಓದಿ, ಹತ್ತು ಗಂಟೆಗೆ ಕೈಯಲ್ಲಿ ಬೆತ್ತ ಹಿಡಿದು ತರಗತಿಗೆ ಹೋಗುತ್ತಿದ್ದೆ. ಎರಡೂ ಒಂದೇ ಎಂದು ಹೊಳೆದಿರಲಿಲ್ಲ. ಬಂಡೀಪುರದ ಕಾಡಂಚಿನ ಒಂದು ಹಾಡಿಯಿಂದ ಬರುತ್ತಿದ್ದ ಹುಡುಗನೊಬ್ಬ ದಿನವೂ ತಡವಾಗಿ ಬರುತ್ತಿದ್ದ. ಏಕೆ ತಡ ಎಂದು ಬೆತ್ತ ಎತ್ತಿಕೊಂಡೇ ಕೇಳುತ್ತಿದ್ದೆ. ಅವನು ತಲೆ ಬಗ್ಗಿಸಿ ಕೈ ಚಾಚುತ್ತಿದ್ದ. ಒಂದು ದಿನ ಶಾಲೆಗೆ ಬರುವುದನ್ನೇ ಬಿಟ್ಟ. ಆಮೇಲೆ ತಿಳಿಯಿತು: ಹಿಂದಿನ ವರ್ಷ ಅವನ ತಂದೆ ಅದೇ ದಾರಿಯಲ್ಲಿ ಆನೆಯ ಕಾಲಿಗೆ ಸಿಕ್ಕಿ ಸತ್ತಿದ್ದ. ಹುಡುಗನು ಒಬ್ಬನೇ ಆ ದಾರಿಯಲ್ಲಿ ಬರಲಾರದೆ, ಯಾರಾದರೂ ದೊಡ್ಡವರು ಹೊರಟಾರೆಂದು ಊರ ಬಾಗಿಲಲ್ಲಿ ಕಾಯುತ್ತಿದ್ದ. ಬೆತ್ತವಿಲ್ಲದೆ ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದನೇನೋ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ನಿಷೇಧಿಸಿದೆ. ನನ್ನ ಕೈಯಿಂದ ಬೆತ್ತವನ್ನು ಬಿಡಿಸಿದ್ದು ಕಾಯಿದೆಯೇ ಹೊರತು ನಾನು ಓದಿದ ಶಾಸ್ತ್ರವಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನ್ನ ಮನೆಯಲ್ಲಿ ನಡೆದದ್ದು

2021ರ ಮೇ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಆ ತಿಂಗಳ 2ರಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಅಸುನೀಗಿದರು. ಆಮ್ಲಜನಕದ ಕೊರತೆಯ ಆ ರಾತ್ರಿ ದೇಶಕ್ಕೆಲ್ಲ ಸುದ್ದಿಯಾಯಿತು. ಸತ್ತವರನ್ನು ಪತ್ರಿಕೆಗಳು ಎಣಿಸಿದವು. ಅವರ ಮನೆಗಳಲ್ಲಿ ಉಳಿದ ಮಕ್ಕಳನ್ನು ನಾವು ಎಣಿಸಲಿಲ್ಲ. ಅದಕ್ಕೆ ಮೊದಲು, 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ವಿಷಪ್ರಸಾದವು 17 ಮಂದಿಯನ್ನು ಕೊಂದಾಗಲೂ ಹೀಗೆಯೇ ಆಯಿತು. ಹಿರಿಯರ ಸಾವು ಊರಿಗೆ ಹದಿಮೂರು ದಿನದ ದುಃಖ; ಮಕ್ಕಳಿಗೆ ಅದು ಅಲ್ಲಿಗೆ ಮುಗಿಯುವುದಿಲ್ಲ.

ಆ ಮೇ ತಿಂಗಳಲ್ಲಿಯೇ ನನ್ನ ತಂಗಿಯ ಅಳಿಯನು ಬೇರೊಂದು ಊರಿನಲ್ಲಿ ಅದೇ ರೋಗಕ್ಕೆ ತುತ್ತಾದನು. ತಂಗಿಯ ಮಗಳು ಏಳು ವರ್ಷದ ಮಗನನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಸೋದರಮಾವನ ಮನೆಯೆಂದರೆ ತವರೇ ಅಲ್ಲವೆ! ನಾವು ಸಂತೋಷದಿಂದಲೇ ಇಟ್ಟುಕೊಂಡೆವು. ಆದರೆ ಹುಡುಗನ ನಡತೆ ನಮಗೆ ತಲೆನೋವಾಯಿತು. ತಾಯಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುವನು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂದಿತು. ತಂಗಿಯನ್ನು ಸುಮ್ಮಸುಮ್ಮನೆ ಹೊಡೆಯುವನು. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆಯ ಊಟಕ್ಕೆ ಕುಳಿತರೆ ತುತ್ತು ನುಂಗುತ್ತಿರಲಿಲ್ಲ. ನಮ್ಮದು ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆ. ಎಲ್ಲರದೂ ಮುಗಿದಿರುವುದು, ಹೊತ್ತು ಇಳಿಯುತ್ತಿರುವುದು, ಇವನು ತಟ್ಟೆಯ ಮುಂದೆ ಬೀದಿಯ ಬಾಗಿಲನ್ನೇ ನೋಡುತ್ತ ಕುಳಿತಿರುವನು. ಇದು ಹಟವೆಂದು ನಾನು ತೀರ್ಮಾನಿಸಿದೆ.

ಆ ಸೆಪ್ಟೆಂಬರಿನ ದಶಲಕ್ಷಣ ಪರ್ವದಲ್ಲಿ, ಉತ್ತಮ ಸಂಯಮದ ದಿನ ಬೆಳಗ್ಗೆ ಸಂಯಮವನ್ನು ಕುರಿತು ಬಸದಿಯಲ್ಲಿ ಎರಡು ಮಾತು ಆಡಿ ಬಂದಿದ್ದೆ. ಸಂಜೆ ಅವನು ಎಂದಿನಂತೆ ಊಟ ಮಾಡದೆ ಕುಳಿತ. ಹೊತ್ತು ಮುಳುಗಿತು. ನಾನು ತಟ್ಟೆಯನ್ನು ಎತ್ತಿಸಿದೆ. "ಇಂದಿಗೆ ಊಟವಿಲ್ಲ. ನಾಳೆಯಿಂದ ಬುದ್ಧಿ ಬರುತ್ತದೆ" ಎಂದು ಅಡಿಗೆಮನೆಯ ಬಾಗಿಲನ್ನು ಹಾಕಿಸಿದೆ. ಅವನ ತಾಯಿ ಏನೋ ಹೇಳಹೊರಟು, ಆಶ್ರಯಕ್ಕೆ ಬಂದವಳೆಂಬ ಸಂಕೋಚದಿಂದ ಸುಮ್ಮನಾದಳು.

ನಡುರಾತ್ರಿ ಎಚ್ಚರವಾಗಿ ನೋಡುತ್ತೇನೆ, ದೇವರ ಕೋಣೆಯ ಪಕ್ಕದ ಉಗ್ರಾಣದಲ್ಲಿ ಸದ್ದು. ದೀಪ ಹಾಕಿದೆ. ಹುಡುಗ ಬೆಲ್ಲದ ಡಬ್ಬಿಯನ್ನು ಎದೆಗೆ ಅಪ್ಪಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಮುಚ್ಚಳ ತೆಗೆದಿರಲಿಲ್ಲ. ನನ್ನನ್ನು ಕಂಡು ನಡುಗುತ್ತ, "ತಾತ, ನಾನು ತಿನ್ನಲಿಲ್ಲ, ಸುಮ್ನೆ ಹಿಡ್ಕೊಂಡಿದ್ದೆ" ಎಂದ. ಬಂಧುಗಳೆ, ಅನ್ನಪಾನನಿರೋಧವೆಂಬ ಪದವನ್ನು ನಾನು ನಲವತ್ತು ವರ್ಷಗಳಿಂದ ಓದಿದ್ದೆ. ಅದರ ಅರ್ಥ ಆ ರಾತ್ರಿ ಉಗ್ರಾಣದ ಮೂಲೆಯಲ್ಲಿ ತಿಳಿಯಿತು.

ಮಾರನೆಯ ದಿನ ಅವನ ತಾಯಿಯನ್ನು ಕರೆದು ಕೇಳಿದೆ. ಆಕೆ ಹೇಳಿದಳು: "ಮಾವ, ಅವರನ್ನ ಆಂಬುಲೆನ್ಸಿನಲ್ಲಿ ಕರ್ಕೊಂಡು ಹೋದದ್ದು ಸಂಜೆ ಹೊತ್ತು. ಇವನು ಊಟಕ್ಕೆ ಕೂತಿದ್ದ. 'ನೀನು ಊಟ ಮಾಡಿ ಮುಗಿಸೋದ್ರೊಳಗೆ ಬಂದ್ಬಿಡ್ತೀನಿ' ಅಂತ ಹೇಳಿ ಹೋದ್ರು."

ಹುಡುಗನು ಊಟ ಮುಗಿಸದೆ ಕಾಯುತ್ತಿದ್ದ. ಮುಗಿಸಿಬಿಟ್ಟರೆ ತಂದೆ ಕೊಟ್ಟ ಮಾತು ಮುಗಿದುಹೋಗುತ್ತದೆ. ನಾಲ್ಕು ತಿಂಗಳಿಂದ ಪ್ರತಿ ಸಂಜೆಯೂ ಆ ಮಗು ತಟ್ಟೆಯ ಮುಂದೆ ಕುಳಿತು ಮಾಡುತ್ತಿದ್ದುದು ಹಟವಲ್ಲ. ಅದನ್ನು ಹಟವೆಂದು ಕರೆದವನು ನಾನು.

ಸೂರ್ಯಮಿತ್ರನ ಸೋದರಳಿಯಂದಿರು

ಇದಾದ ಮೇಲೆ ನನಗೆ ವಡ್ಡಾರಾಧನೆಯ ಮೊದಲ ಕಥೆಯಾದ ಸುಕುಮಾರಸ್ವಾಮಿಯ ಕಥೆ ಹೊಸದಾಗಿ ಕಾಣತೊಡಗಿತು. ಅದರ ಆರಂಭವನ್ನು ನೀವು ಬಲ್ಲಿರಿ. ಕೌಶಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ ವಾಯುಭೂತಿಗಳು ಓದದೆ ಬೆಳೆದು, ತಂದೆ ಸತ್ತ ಮೇಲೆ ಪುರೋಹಿತ ಪದವಿಯನ್ನು ಕಳೆದುಕೊಂಡು, ಸೋದರಮಾವನಾದ ಸೂರ್ಯಮಿತ್ರನಲ್ಲಿ ವಿದ್ಯೆ ಕಲಿಯಲು ಹೋಗುತ್ತಾರೆ. ಮಾವನೆಂದು ತಿಳಿದರೆ ಸಲಿಗೆಯಿಂದ ಕೆಟ್ಟಾರೆಂದು ಆತನು ನಂಟನ್ನು ಮರೆಸಿ, ಅವರನ್ನು ಭಿಕ್ಷೆ ಬೇಡಿ ಉಣ್ಣುವಂತೆ ಮಾಡಿ ಓದಿಸುತ್ತಾನೆ. ವಿದ್ಯೆ ಮುಗಿದ ದಿನ, ನಾನೇ ನಿಮ್ಮ ಮಾವನೆಂದು ತಿಳಿಸುತ್ತಾನೆ. ಅಗ್ನಿಭೂತಿಗೆ ಉಪಕಾರ ಕಾಣುತ್ತದೆ. ವಾಯುಭೂತಿಗೆ, ನೆಂಟನಾಗಿದ್ದೂ ನಮ್ಮನ್ನು ತಿರಿಯುವಂತೆ ಮಾಡಿದನಲ್ಲಾ ಎಂಬ ನೋವು ಮಾತ್ರ ಉಳಿಯುತ್ತದೆ. ಆ ನೋವು ಮುನಿನಿಂದೆಯಾಗಿ ಹೊರಬಿದ್ದು ಅವನನ್ನು ಕತ್ತೆ, ಹಂದಿ, ನಾಯಿಗಳ ಜನ್ಮಕ್ಕೆ ಒಯ್ಯುತ್ತದೆ.

ವಾಯುಭೂತಿಯ ತಪ್ಪನ್ನು ಕಥೆ ಮುಚ್ಚುವುದಿಲ್ಲ. ಅವನ ಕ್ರೋಧಕ್ಕೆ ಅವನೇ ಹೊಣೆ. ಆದರೆ ಉಪಾಧ್ಯಾಯರೂ ತಾಯಿತಂದೆಗಳೂ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಒಂದೇ ಮನೆಯಲ್ಲಿ ಒಂದೇ ಶಿಕ್ಷಣ ಪಡೆದ ಇಬ್ಬರಲ್ಲಿ ಒಬ್ಬನಿಗೆ ಅದು ಬುತ್ತಿಯಾಯಿತು, ಇನ್ನೊಬ್ಬನಿಗೆ ಗಾಯವಾಯಿತು. ಅಣ್ಣ ತಡೆದುಕೊಂಡನು, ನೀನೇಕೆ ತಡೆಯಲಾರೆ ಎಂಬ ಮಾತಿಗೆ ಅರ್ಥವಿಲ್ಲ. ಎರಡನೆಯದು, ಮಾವನಲ್ಲಿ ಹಿತಬುದ್ಧಿಯಿತ್ತು, ಪ್ರೀತಿಯೂ ಇತ್ತು. ಆದರೆ ಬೇಕಾದ ಹೊತ್ತಿನಲ್ಲಿ ಅದನ್ನು ಅಡಗಿಸಿಟ್ಟನು. ಮುಂದೆ ಕೊಡುತ್ತೇನೆಂದು ಇಂದು ಅಡಗಿಸಿಟ್ಟ ಪ್ರೀತಿಯು ಮಗುವಿನ ಪಾಲಿಗೆ ಇಲ್ಲದ ಪ್ರೀತಿಯೇ. ನಾನೂ ಸೋದರಮಾವ, ನಾನೂ ಹಿತಕ್ಕಾಗಿಯೇ ತಟ್ಟೆ ಎತ್ತಿಸಿದವನು.

ಅದೇ ಕಥೆಯಲ್ಲಿ ವಾಯುಭೂತಿಯು ಅತ್ತಿಗೆಯನ್ನು ಒದೆಯುತ್ತಾನೆ. ಆ ಒದೆತವನ್ನು ಆಕೆ ಜನ್ಮಾಂತರಕ್ಕೆ ಹೊತ್ತುಕೊಂಡು ಹೋಗಿ, ಹೆಣ್ಣುನರಿಯಾಗಿ ಮರಿಗಳೊಡನೆ ಬಂದು ಸುಕುಮಾರ ಮುನಿಯ ಕಾಲನ್ನೇ ತಿನ್ನುತ್ತಾಳೆ. ಒದ್ದ ಕಾಲು ಮರೆತಿರುತ್ತದೆ, ಒದೆಸಿಕೊಂಡ ಜೀವ ಮರೆಯುವುದಿಲ್ಲ. ಕ್ರೋಧವು ಕಲ್ಲಿನ ಗೆರೆ, ನೆಲದ ಬಿರುಕು, ಮರಳಿನ ಗೆರೆ, ನೀರಿನ ಗೆರೆಗಳಂತೆ ನಾಲ್ಕು ಬಗೆಯೆಂದು ಶಾಸ್ತ್ರವು ಹೇಳುತ್ತದೆ. ತಂದೆಯ ಮನಸ್ಸಿನಲ್ಲಿ ನೀರಿನ ಗೆರೆಯಂತೆ ಅಳಿಸಿಹೋದ ಕೋಪವು ಮಗುವಿನ ಮನಸ್ಸಿನಲ್ಲಿ ಕಲ್ಲಿನ ಗೆರೆಯಾಗಿ ಉಳಿದಿರಬಹುದು. ಗೆರೆಯ ಆಳವನ್ನು ಅಳೆಯಬೇಕಾದದ್ದು ಬರೆದ ಕೈಯಲ್ಲಲ್ಲ, ಬರೆಸಿಕೊಂಡ ಹಲಗೆಯಲ್ಲಿ.

ಇಂದಿನ ವಿದ್ವಾಂಸರ ಅಭಿಪ್ರಾಯ

ಈ ವಿಚಾರದಲ್ಲಿ ಇತ್ತೀಚಿನ ಮನಶ್ಶಾಸ್ತ್ರವು ಹೇಳುವುದೂ ನಮಗೆ ಅನ್ಯವಲ್ಲ. ಎರಡನೆಯ ಮಹಾಯುದ್ಧದ ನಂತರ ಮನೆ ಕಳೆದುಕೊಂಡ ಮಕ್ಕಳನ್ನು ಕುರಿತು ಜಾನ್ ಬೌಲ್ಬಿ ಎಂಬ ಆಂಗ್ಲ ವೈದ್ಯರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯೊಂದನ್ನು ಒಪ್ಪಿಸಿದರು. ಮಗುವಿಗೆ ಅನ್ನದಷ್ಟೇ ಅವಶ್ಯವಾದದ್ದು ನಂಬಿಕೊಳ್ಳಬಹುದಾದ ಒಬ್ಬರ ನಿರಂತರ ಸಾನ್ನಿಧ್ಯವೆಂಬುದು ಅವರ ಸಿದ್ಧಾಂತ. ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್ ಎಂಬ ವಿದುಷಿಯು ಆಫ್ರಿಕದ ಉಗಾಂಡದ ಹಳ್ಳಿಗಳಲ್ಲಿ ತಾಯಿಮಕ್ಕಳನ್ನು ತಿಂಗಳುಗಟ್ಟಲೆ ಕಂಡು, ತಾಯಿಯ ಬಳಿ ನಿರ್ಭಯವಾಗಿರುವ ಮಗುವೇ ಧೈರ್ಯವಾಗಿ ದೂರ ಹೋಗಿ ಆಡುತ್ತದೆ, ಹೆದರಿದಾಗ ತಾಯಿಗೆ ಮರಳಿ ಬರುತ್ತದೆ, ಸಮಾಧಾನ ಪಡೆದು ಮತ್ತೆ ಹೋಗುತ್ತದೆ ಎಂದು ತಿಳಿಸಿದರು. ಹೊಲದ ಬದುವಿನಲ್ಲಿ ಹಸುವಿನ ಹಿಂದೆ ಕರು ಹೋಗಿ ಬರುವುದನ್ನು ಕಂಡವರಿಗೆ ಇದು ಹೊಸತಲ್ಲ. ಅಂಟಿಕೊಂಡ ಮಗುವನ್ನು ಬಲವಂತವಾಗಿ ಬಿಡಿಸಿದರೆ ಧೈರ್ಯ ಬರುವುದಿಲ್ಲ. ಅಂಟಿಕೊಳ್ಳಗೊಟ್ಟರೆ ತಾನಾಗಿ ಬಿಡುತ್ತದೆ.

ಬಾಲ್ಯದ ಏಟು, ಮನೆಯ ಕಲಹ, ಅಗಲಿಕೆ, ಅಲಕ್ಷ್ಯಗಳು ದೊಡ್ಡವರಾದ ಮೇಲೆ ಏನು ಮಾಡುತ್ತವೆಂದು ಅಮೆರಿಕದಲ್ಲಿ 17,000ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿ ನಡೆಸಿದ ಅಧ್ಯಯನವು 1998ರಿಂದ ಪ್ರಕಟವಾಗತೊಡಗಿತು. ಇಂಥ ಅನುಭವಗಳ ಬಗೆಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯರೋಗಗಳ ಸಂಭವವೂ ಹೆಚ್ಚೆಂದು ಅದು ಕಂಡುಕೊಂಡಿತು. ಹೆದರಿದ ಮಗುವಿನ ದೇಹವು ಅಪಾಯ ಕಳೆದ ಮೇಲೂ ಕಾವಲು ಬಿಡುವುದಿಲ್ಲ. ನಿದ್ರೆ, ಹಸಿವು, ಕಲಿಕೆ ಎಲ್ಲವೂ ಆ ಕಾವಲಿಗೇ ವೆಚ್ಚವಾಗುತ್ತವೆ. ಆದುದರಿಂದ ಅಂಥ ಮಗುವನ್ನು ಕಂಡಾಗ ಇದಕ್ಕೇನು ಕೇಡು ಎಂದು ಕೇಳದೆ, ಇದಕ್ಕೆ ಏನಾಗಿದೆ ಎಂದು ಕೇಳಬೇಕೆಂಬುದು ಈ ವಿದ್ಯೆಯ ಸಾರ.

ಇಲ್ಲಿ ಕೆಲವು ಹಿರಿಯರು ಒಂದು ಆಕ್ಷೇಪವನ್ನು ತರುತ್ತಾರೆ. ಅವರವರ ಸುಖದುಃಖ ಅವರವರ ಕರ್ಮ, ತಂದೆಯನ್ನು ಕಳೆದುಕೊಂಡದ್ದು ಮಗುವಿನ ಕರ್ಮೋದಯ, ನಾವೇನು ಮಾಡಲಾದೀತು? ಎನ್ನುತ್ತಾರೆ. ಇದು ಅರ್ಧ ಸಿದ್ಧಾಂತ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನಗಳನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಅದೇ ಸಿದ್ಧಾಂತವು ಹೇಳುತ್ತದೆ. ಜೀವಿಗಳಲ್ಲಿ ಅನುಕಂಪವು ಸಾತಾವೇದನೀಯಕ್ಕೆ ಕಾರಣವೆಂದೂ ಹೇಳುತ್ತದೆ. ಮಗುವಿನ ಕರ್ಮ ಮಗುವಿಗೆ. ಆದರೆ ಆ ಹೊತ್ತಿನಲ್ಲಿ ನಾವು ಯಾವುದಕ್ಕೆ ನಿಮಿತ್ತರಾಗುತ್ತೇವೆಂಬುದು ನಮ್ಮ ಕರ್ಮ. ಅಳುವ ಮಗುವಿಗೆ ಕರ್ಮಸಿದ್ಧಾಂತವನ್ನು ಬೋಧಿಸುವವನು ತನ್ನ ಕೈ ತೊಳೆದುಕೊಳ್ಳುತ್ತಿದ್ದಾನಷ್ಟೆ.

ನಮ್ಮನ್ನೂ ಹೊಡೆದೇ ಬೆಳೆಸಿದರು, ನಾವೇನು ಕೆಟ್ಟೆವೆ? ಎಂಬುದು ಇನ್ನೊಂದು ಆಕ್ಷೇಪ. ಕೆಡಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ನಮ್ಮ ತಂದೆಯೊಡನೆ ಮನಸ್ಸು ಬಿಚ್ಚಿ ಒಂದು ಮಾತನ್ನಾದರೂ ಆಡದೆ ಅವರನ್ನು ಸ್ಮಶಾನಕ್ಕೆ ಹೊತ್ತವರು ನಮ್ಮಲ್ಲಿ ಎಷ್ಟು ಮಂದಿ? ನಾನೊಬ್ಬ ಹೌದು.

ವಾತ್ಸಲ್ಯದ ದಾರಿ

ಹಾಗಾದರೆ ಶಿಸ್ತು ಬೇಡವೆ? ಬೇಕು. ಕಟ್ಟೆಯಿಲ್ಲದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಹೆದರಿದ ಮಗುವಿಗಂತೂ ನಿಯತವಾದ ಹೊತ್ತು, ನಿಯತವಾದ ಮಾತು, ಇಂದಿನಂತೆ ನಾಳೆಯೂ ಇರುವ ಮನೆ ಹೆಚ್ಚು ಬೇಕು. ಬೇಡವಾದದ್ದು ಭಯ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರನ್ನು ಧರ್ಮಬಂಧುಗಳ ವಿಷಯದಲ್ಲಿ ಹೇಳಿದೆ. ಅವನ್ನೇ ಮನೆಯಲ್ಲಿ ಹೀಗೆ ನಡೆಸಬಹುದು.

ಉಪಗೂಹನವೆಂದರೆ ದೋಷವನ್ನು ಮರೆಮಾಡಿ ಕಾಪಾಡುವುದು. ಹಾಸಿಗೆ ಒದ್ದೆಯಾದುದನ್ನು ಬಂದ ನೆಂಟರಿಗೆಲ್ಲ ನಗುತ್ತ ಹೇಳಬಾರದು. ಬಟ್ಟೆ ಬದಲಿಸಿ ಸುಮ್ಮನಾಗಬೇಕು. ಮಗುವು ನಂಬಿ ಹೇಳಿದ ಗುಟ್ಟನ್ನು ಬಯಲು ಮಾಡುವುದು ಸತ್ಯಾಣುವ್ರತಕ್ಕೂ ಅತಿಚಾರವೆಂದು ನೆನಪಿಡಬೇಕು. ಸ್ಥಿತಿಕರಣವೆಂದರೆ ಜಾರಿದವನನ್ನು ಮತ್ತೆ ನೆಲೆಗೆ ತರುವುದು. ವಾರಿಷೇಣ ಮುನಿಯು ಮನಸ್ಸು ಚಂಚಲವಾದ ಪುಷ್ಪಡಾಲನನ್ನು ಬಯ್ಯದೆ, ಓಡಿಸದೆ, ಜೊತೆಯಲ್ಲಿ ನಡೆದು ನಿಲ್ಲಿಸಿದಂತೆ, ಕೋಪದಿಂದ ಹೊರಳಾಡುವ ಮಗುವಿನ ಪಕ್ಕದಲ್ಲಿ ಕುಳಿತು ಅದು ತಣಿಯುವ ತನಕ ಇರಬೇಕು. ಬುದ್ಧಿಮಾತನ್ನು ಆಮೇಲೆ ಹೇಳಬೇಕು. ವಾತ್ಸಲ್ಯಕ್ಕೆ ನಮ್ಮ ಆಚಾರ್ಯರು ಕೊಡುವ ದೃಷ್ಟಾಂತ ಹಸು ಮತ್ತು ಕರು. ಹಸುವು ಕರುವಿನಿಂದ ಪ್ರತಿಫಲ ಬಯಸುವುದಿಲ್ಲ.

ಇನ್ನು ನಮ್ಮ ಮನೆಯ ಕಥೆಯನ್ನು ಮುಗಿಸುತ್ತೇನೆ. ಕ್ಷಮಾವಣಿಯ ದಿನ ಎಂದಿನಂತೆ ಮನೆಮನೆಗೆ ಹೋಗಿ ದೊಡ್ಡವರೆಲ್ಲರ ಕ್ಷಮೆ ಕೇಳಿ ಬಂದೆ. ಕೊನೆಗೆ ಆ ಹುಡುಗನ ಮುಂದೆ ನೆಲದ ಮೇಲೆ ಕುಳಿತು, "ನಿನಗೆ ಊಟ ಕೊಡದೆ ಬಾಗಿಲು ಹಾಕಿಸಿದ್ದು ನನ್ನ ತಪ್ಪು, ಮಗು. ನನ್ನನ್ನು ಕ್ಷಮಿಸು" ಎಂದೆ. ಅವನು ಬಹಳ ಹೊತ್ತು ಯೋಚಿಸಿದ. "ಮತ್ತೆ ಬಾಗಿಲು ಹಾಕ್ತೀರಾ, ತಾತ?" ಎಂದು ಕೇಳಿದ. ಕ್ಷಮಿಸಿದೆನೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನು ಕೇಳಿದ್ದೇ ನ್ಯಾಯವಾದ ಪ್ರಶ್ನೆ. ಇಲ್ಲವೆಂದು ಮಾತು ಕೊಟ್ಟೆ.

ಅಂದಿನಿಂದ ಅವನ ಊಟವನ್ನು ಒಂದು ಗಂಟೆ ಮುಂಚಿತವಾಗಿ, ಬೀದಿಯ ಬಾಗಿಲು ಕಾಣದ ಹಿತ್ತಿಲ ಜಗುಲಿಗೆ ಬದಲಿಸಿದೆವು. ತಾಯಿ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಡುವಳು. ಹೊರಗೆ ಹೋಗುವಾಗ ಎಲ್ಲಿಗೆ, ಯಾವಾಗ ಬರುತ್ತೇನೆ ಎಂದು ತಿಳಿಸಿ, ಆ ಹೊತ್ತಿಗೆ ಸರಿಯಾಗಿ ಬರುವಳು. ತಂದೆಯ ಹೆಸರನ್ನು ಮನೆಯಲ್ಲಿ ಎತ್ತದೆ ಇದ್ದೆವು, ಈಗ ಎತ್ತತೊಡಗಿದೆವು. ಬಂಧುವೈದ್ಯರ ಸಲಹೆಯಂತೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದಾಗ ಅಲ್ಲಿಯ ಮಕ್ಕಳ ವಿಭಾಗದವರು ಔಷಧಕ್ಕಿಂತ ಹೆಚ್ಚಾಗಿ ಇವನ್ನೇ ಮುಂದುವರಿಸಲು ಹೇಳಿದರು. ಎಂಟು ತಿಂಗಳು ಹಿಡಿಯಿತು. ಸುಧಾರಿಸಿತೆಂದುಕೊಂಡ ವಾರದಲ್ಲಿಯೇ ಮತ್ತೆ ಹಾಸಿಗೆ ಒದ್ದೆಯಾಗುತ್ತಿತ್ತು. ಒಂದು ದಿನ ಅವನು ತಟ್ಟೆ ಖಾಲಿ ಮಾಡಿ, ತಾಯಿಯ ಮುಖ ನೋಡಿ, "ಮುಗೀತು" ಎಂದ. ಆಕೆ ಒಳಗೆ ಹೋಗಿ ಅತ್ತಳು. ಇಂದಿಗೂ ಆಂಬುಲೆನ್ಸಿನ ಸದ್ದಿಗೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಎಲ್ಲವೂ ವಾಸಿಯಾಯಿತೆಂದು ನಾನು ಹೇಳಲಾರೆ.

ಉಪವಾಸ ಮತ್ತು ಮಕ್ಕಳು

ಈ ಪತ್ರಿಕೆಯ ವಾಚಕರಿಗೆ ಕೊನೆಯದಾಗಿ ಒಂದು ಮಾತು. ಅನಸ್ತಮಿತ ವ್ರತವನ್ನು ತೆಗೆದುಕೊಂಡವನು ನಾನು. ಆ ಹುಡುಗನು ತೆಗೆದುಕೊಂಡಿರಲಿಲ್ಲ. ನನ್ನ ವ್ರತವನ್ನು ಅವನ ಹೊಟ್ಟೆಯ ಮೇಲೆ ನಡೆಸಿದೆ. ವ್ರತವೆಂದರೆ ತಿಳಿದು, ಒಪ್ಪಿ, ತಾನಾಗಿ ಸ್ವೀಕರಿಸುವುದು. ಅದೇ ಸುಕುಮಾರನ ಕಥೆಯ ನಾಗಶ್ರೀಯು ಬಾಲಕಿಯಾಗಿಯೂ ಅಣುವ್ರತಗಳನ್ನು ತಾನೇ ಬಯಸಿ ಪಡೆದಳು. ಹಿಂದಿರುಗಿಸಿ ಬರೋಣವೆಂದು ಕೈಹಿಡಿದು ಕರೆದೊಯ್ದ ತಂದೆಯು ದಾರಿಯಲ್ಲಿ ಕಂಡ ಒಂದೊಂದು ದೃಶ್ಯಕ್ಕೂ ಅವಳ ಪ್ರಶ್ನೆಗೆ ಉತ್ತರಿಸುತ್ತ ಹೋಗಿ, ಕೊನೆಗೆ ಒಂದೊಂದಾಗಿ ವ್ರತಗಳು ಇರಲಿ ಎಂದು ತಾನೇ ಒಪ್ಪಿದನು. ಮಗುವಿನ ಪ್ರಶ್ನೆಗೆ ನಿಂತು ಉತ್ತರಿಸಿದ ತಂದೆ ಅವನು. ತಪವನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಎಂದೇ ಷೋಡಶ ಭಾವನೆಗಳಲ್ಲಿ ಹೇಳಿದೆ. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಜೈನ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ನಂತರ ತೀರಿಕೊಂಡ ವಾರ್ತೆ ನಮ್ಮೆಲ್ಲರ ಎದೆಯನ್ನು ನಡುಗಿಸಿತು. ಯಾರನ್ನೂ ದೂಷಿಸಲು ಇದನ್ನು ನೆನೆಯುತ್ತಿಲ್ಲ. ಮಗುವು ಉಪವಾಸಕ್ಕೆ ಕುಳಿತಾಗ, ಅದು ಧರ್ಮರುಚಿಯಿಂದ ಕುಳಿತಿದೆಯೋ, ಉಂಡರೆ ದೊಡ್ಡವರ ಪ್ರೀತಿ ಕಳೆದೀತೆಂಬ ಭಯದಿಂದ ಕುಳಿತಿದೆಯೋ ಎಂದು ಪರೀಕ್ಷಿಸುವುದು ನಮ್ಮ ಕರ್ತವ್ಯ. ಎರಡನೆಯದಾಗಿದ್ದರೆ ಅದಕ್ಕೆ ಬಡಿಸುವುದೇ ಧರ್ಮ.

ಬರುವ ಪರ್ವದಲ್ಲಿ ಮಕ್ಕಳಿರುವ ಮನೆಯವರು ಹತ್ತು ದಿನಗಳ ಮಟ್ಟಿಗೆ ಒಂದು ನಿಯಮವನ್ನು ಸ್ವೀಕರಿಸಬೇಕೆಂದು ಬೇಡುತ್ತೇನೆ. ಕೈ ಎತ್ತಬಾರದು. ಊಟ, ನೀರು, ಮಾತು ಇವನ್ನು ನಿಲ್ಲಿಸಿ ಶಿಕ್ಷಿಸಬಾರದು. ಬಿಟ್ಟುಹೋಗುತ್ತೇನೆಂದಾಗಲಿ, ಯಾರಿಗಾದರೂ ಕೊಟ್ಟುಬಿಡುತ್ತೇನೆಂದಾಗಲಿ ಹಾಸ್ಯಕ್ಕೂ ಹೆದರಿಸಬಾರದು. ದಿನಕ್ಕೆ ಅರ್ಧ ಗಂಟೆ ಬೇರೆ ಕೆಲಸವಿಲ್ಲದೆ ಮಗುವಿನ ಬಳಿ ಕುಳಿತಿರಬೇಕು. ರಾತ್ರಿ ಪ್ರತಿಕ್ರಮಣದಲ್ಲಿ ಏಕೇಂದ್ರಿಯಾದಿ ಜೀವಗಳನ್ನು ನೆನೆಯುವಾಗ ಪಕ್ಕದಲ್ಲಿ ಮಲಗಿದ ಪಂಚೇಂದ್ರಿಯ ಜೀವವನ್ನೂ ನೆನೆದು, ತಪ್ಪಿದ್ದರೆ ಬೆಳಗ್ಗೆ ಅದಕ್ಕೇ ಹೇಳಬೇಕು. ನಿಯಮ ಮುರಿದರೆ ನಿರಾಶರಾಗಬೇಡಿ. ಮುರಿದದ್ದನ್ನು ಒಪ್ಪಿಕೊಂಡು ಸರಿಪಡಿಸುವುದನ್ನು ಕಂಡ ಮಗುವು ತಪ್ಪದ ತಂದೆಯಿಂದ ಕಲಿಯಲಾರದ್ದನ್ನು ಕಲಿಯುತ್ತದೆ. ನಮ್ಮ ಕೈಮೀರಿತೆಂದು ಕಂಡರೆ ಸಹಾಯ ಕೇಳಲು ಸಂಕೋಚ ಬೇಡ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕಾಗಿ 14416, ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ.

ಚಾಮರಾಜನಗರಕ್ಕೆ ಅರಿಕುಠಾರವೆಂದು ಹೆಸರಿದ್ದ ಕಾಲದಲ್ಲಿ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ನಮ್ಮ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಕೆಟ್ಟುಹೋದ ವ್ಯಾಪಾರಿಗಳಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲುಗಳಿಗೆ ಅವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದವನೆಂದು ಅವನನ್ನು ಶಾಸನವು ಹೊಗಳುತ್ತದೆ. ತಂದೆಯನ್ನು ಕಳೆದುಕೊಂಡ ಮಗುವಿಗೆ ತಂದೆಯನ್ನು ಯಾವ ದಂಡನಾಯಕನೂ ಮರಳಿ ಕೊಡಲಾರ. ಆದರೆ ಅದರೊಡನೆ ಕಳೆದುಹೋದ ಇನ್ನೊಂದು ವಸ್ತುವಿದೆ: ಸಂಜೆ ಹೆದರದೆ ಉಣ್ಣುವ, ರಾತ್ರಿ ಹೆದರದೆ ಮಲಗುವ ಅಭಯ. ಅದನ್ನು ಮರಳಿ ಕೊಡುವುದು ನಮ್ಮ ಕೈಯಲ್ಲಿದೆ. ಅಡಿಗೆಮನೆಯ ಬಾಗಿಲು ತೆರೆದಿರಲಿ.

ಜೈ ಜಿನೇಂದ್ರ.